ಎಣ್ಣೆಗಿಳಿದ ಕಂಪ್ಯೂಟರ್

ನಾಲ್ಕು ಹನಿ ನೀರು ಬಿದ್ದರೆ ಕೆಡುವ ಕಂಪ್ಯೂಟರ್, ಎಣ್ಣೆಯಲ್ಲಿ ಪೂರ್ತಿ ಮುಳುಗಿದ್ದರೂ ಓಡುತ್ತದೆ. 2006ರ ಜನವರಿಯಲ್ಲಿ ಟಾಮ್ಸ್ ಹಾರ್ಡ್‌ವೇರ್ ಸಂಸ್ಥೆಯ ತಂತ್ರಜ್ಞರು ಎಂಟು ಗ್ಯಾಲನ್, ಅಂದರೆ ಸುಮಾರು 30 ಲೀಟರ್ ಅಡುಗೆ ಎಣ್ಣೆಯೊಳಗೆ ಕಂಪ್ಯೂಟರನ್ನು ಇಳಿಸಿ, ಓಡಿಸಿ ತೋರಿಸಿದರು. ಮರುವರ್ಷ ಅಮೆರಿಕದ ವಾಷಿಂಗ್ಟನ್ ರಾಜ್ಯದ ಪ್ಯೂಜೆಟ್ ಸಿಸ್ಟಮ್ಸ್ ಕಂಪನಿ ಮೀನು ಸಾಕುವ ಗಾಜಿನ ತೊಟ್ಟಿಗೆ ಖನಿಜ ಎಣ್ಣೆ ತುಂಬಿ ಅದೇ ಪ್ರಯೋಗ ಮಾಡಿತು. ಕೆಲವು ಕಾಲ ಅದರ ಕಿಟ್‌ಗಳನ್ನೂ ಮಾರಿತು. ಗಾಜಿನೊಳಗೆ ದೀಪ, ಗುಳ್ಳೆಗಳು, ನಿಧಾನವಾಗಿ ತಿರುಗುವ ಫ್ಯಾನು; ನೋಡಿದವರಿಗೆ ನಮ್ಮ ಮನೆಯಲ್ಲೂ ಒಂದು ಮಾಡೋಣ ಎನ್ನಿಸುವುದು ಸಹಜ. ಮಾಡಬಹುದೆ ಎಂದು ತೀರ್ಮಾನಿಸುವ ಮೊದಲು ಅದು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ನೋಡಬೇಕು.

ಗೋಡೆಯ ಸಾಕೆಟ್‌ನಿಂದ ಕಂಪ್ಯೂಟರ್ ಎಳೆದುಕೊಳ್ಳುವ ವಿದ್ಯುತ್ತು ಕೊನೆಗೆ ಹೆಚ್ಚುಕಡಿಮೆ ಎಲ್ಲವೂ ಶಾಖವಾಗಿಯೇ ಹೊರಬರುತ್ತದೆ. ಆಟಗಳಿಗೆಂದು ಕೊಳ್ಳುವ ಆರ್‌ಟಿಎಕ್ಸ್ 4090ರಂಥ ಗ್ರಾಫಿಕ್ಸ್ ಕಾರ್ಡ್ ಒಂದೇ 450 ವ್ಯಾಟ್‌ವರೆಗೆ ಬಳಸುತ್ತದೆ. ಈ ಶಾಖದ ಬಹುಪಾಲು ಹುಟ್ಟುವುದು ಕೆಲವೇ ಚದರ ಸೆಂಟಿಮೀಟರ್ ಅಗಲದ ಚಿಪ್ಪಿನಲ್ಲಿ. ಅಲ್ಲಿಂದ ಅದನ್ನು ಬೇಗ ತೆಗೆಯದಿದ್ದರೆ ಚಿಪ್ಪು ನೂರು ಡಿಗ್ರಿಯ ಆಸುಪಾಸಿಗೆ ಏರಿ, ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಸಾಮಾನ್ಯ ಕಂಪ್ಯೂಟರಿನಲ್ಲಿ ಚಿಪ್ಪಿನ ಮೇಲೆ ತೆಳು ಹಲ್ಲುಗಳಿರುವ ಲೋಹದ ಹೀಟ್‌ಸಿಂಕ್ ಕೂರಿಸಿ, ಅದರ ಮೇಲೆ ಫ್ಯಾನಿನಿಂದ ಗಾಳಿ ಹಾಯಿಸುತ್ತಾರೆ.

ಗಾಳಿ ಪುಕ್ಕಟೆ ಸಿಗುತ್ತದೆ, ಆದರೆ ಶಾಖ ಹೊರುವುದರಲ್ಲಿ ಬಡಪಾಯಿ. ಒಂದು ಘನ ಮೀಟರ್ ಗಾಳಿಯನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 1.2 ಕಿಲೊಜೂಲ್ ಶಕ್ತಿ ಸಾಕು. ಅಷ್ಟೇ ಗಾತ್ರದ ಖನಿಜ ಎಣ್ಣೆಗೆ ಸುಮಾರು 1,600 ಕಿಲೊಜೂಲ್ ಬೇಕು. ಅಂದರೆ ಒಂದೇ ಅಳತೆಯ ಎಣ್ಣೆ ಗಾಳಿಗಿಂತ ಸಾವಿರ ಪಟ್ಟಿಗೂ ಹೆಚ್ಚು ಶಾಖವನ್ನು ಹೀರಿಕೊಳ್ಳಬಲ್ಲದು. ಶಾಖವನ್ನು ತನ್ನೊಳಗೆ ಸಾಗಿಸುವ ಗುಣವೂ ಎಣ್ಣೆಗೆ ಸುಮಾರು ಐದು ಪಟ್ಟು ಹೆಚ್ಚು. 20 ಡಿಗ್ರಿಯ ಗಾಳಿಯಲ್ಲಿ ಹಿತವಾಗಿ ಕೂರುವ ನಾವು ಅದೇ 20 ಡಿಗ್ರಿಯ ನೀರಿಗಿಳಿದರೆ ನಡುಗುತ್ತೇವೆ. ದ್ರವ ಮೈಯ ಶಾಖವನ್ನು ಅಷ್ಟು ಬೇಗ ಎಳೆದುಕೊಳ್ಳುತ್ತದೆ. ಚಿಪ್ಪಿನ ವಿಷಯದಲ್ಲೂ ಇದೇ ನಡೆಯುತ್ತದೆ.

ಹಾಗಾದರೆ ಎಣ್ಣೆಗಿಂತ ಚೆನ್ನಾಗಿ ಶಾಖ ಹೊರುವ ನೀರನ್ನೇ ಏಕೆ ತುಂಬಬಾರದು? ನೀರಿನಲ್ಲಿ ಕರಗಿದ ಲವಣಗಳು ವಿದ್ಯುತ್ತು ಹರಿಯಲು ದಾರಿ ಮಾಡಿಕೊಡುತ್ತವೆ. ಶುದ್ಧ ನೀರು ತಂದು ತುಂಬಿದರೂ ಅದು ಸರ್ಕ್ಯೂಟ್ ಬೋರ್ಡಿನ ಮೇಲಿನ ಧೂಳು, ಲೋಹಗಳಿಂದ ಸ್ವಲ್ಪಸ್ವಲ್ಪವೇ ಕರಗಿಸಿಕೊಂಡು ಬೇಗನೆ ವಾಹಕವಾಗುತ್ತದೆ. ಎಣ್ಣೆ ಲವಣಗಳನ್ನು ಕರಗಿಸಿಕೊಳ್ಳುವುದಿಲ್ಲ, ಹಾಗಾಗಿ ಅದು ನಿರೋಧಕ, ಅಂದರೆ ವಿದ್ಯುತ್ತನ್ನು ತಡೆಯುವ ವಸ್ತು. ಇದನ್ನು ವಿದ್ಯುತ್ ಇಲಾಖೆಗಳು ಶತಮಾನಕ್ಕೂ ಹಿಂದಿನಿಂದ ಬಳಸುತ್ತಿವೆ. ನಮ್ಮ ಬೀದಿಯ ಕಂಬದ ಮೇಲಿನ ಟ್ರಾನ್ಸ್‌ಫಾರ್ಮರಿನೊಳಗೆ ತಾಮ್ರದ ಅಥವಾ ಅಲ್ಯೂಮಿನಿಯಂ ಸುರುಳಿಗಳು ಮುಳುಗಿರುವುದು ಖನಿಜ ಎಣ್ಣೆಯಲ್ಲೇ. ಅದು ಸುರುಳಿಗಳ ನಡುವೆ ಕಿಡಿ ಹಾರದಂತೆ ತಡೆಯುತ್ತದೆ, ಅವುಗಳ ಶಾಖವನ್ನು ಪಕ್ಕದ ಕೊಳವೆಗಳಿಗೆ ಒಯ್ಯುತ್ತದೆ. ಹೊಸ ಟ್ರಾನ್ಸ್‌ಫಾರ್ಮರ್ ಎಣ್ಣೆಯನ್ನು ಪರೀಕ್ಷಿಸುವಾಗ 2.5 ಮಿಲಿಮೀಟರ್ ಅಂತರದಲ್ಲಿ ಕನಿಷ್ಠ 30,000 ವೋಲ್ಟ್ ತಡೆಯಬೇಕೆಂದು ನೋಡುತ್ತಾರೆ. ಕಂಪ್ಯೂಟರಿನ ಮದರ್‌ಬೋರ್ಡಿನಲ್ಲಿ ಓಡಾಡುವುದು ಹೆಚ್ಚೆಂದರೆ 12 ವೋಲ್ಟ್. ಪವರ್ ಸಪ್ಲೈ ಪೆಟ್ಟಿಗೆಯೊಳಗೂ ನಾಲ್ಕುನೂರರ ಸುಮಾರಿಗೆ ನಿಲ್ಲುತ್ತದೆ. ಎಣ್ಣೆಗೆ ಇದು ಲೆಕ್ಕಕ್ಕೇ ಇಲ್ಲ.

ಇಷ್ಟಾದ ಮೇಲೂ ಹೆಚ್ಚಿನವರು ಎಡವುವ ಜಾಗವೊಂದಿದೆ. ಎಣ್ಣೆ ಶಾಖವನ್ನು ಚಿಪ್ಪಿನಿಂದ ಕೀಳುತ್ತದೆ, ಆದರೆ ಅದನ್ನು ಇಲ್ಲವಾಗಿಸುವುದಿಲ್ಲ. ಸಣ್ಣ ಲೆಕ್ಕ ಮಾಡೋಣ. ತೊಟ್ಟಿಯಲ್ಲಿ 40 ಲೀಟರ್ ಎಣ್ಣೆ ಇದೆ, ತೂಕ ಸುಮಾರು 34 ಕೆಜಿ. ಅದನ್ನು ಒಂದು ಡಿಗ್ರಿ ಏರಿಸಲು ಸುಮಾರು 65 ಕಿಲೊಜೂಲ್ ಬೇಕು. ಕಂಪ್ಯೂಟರ್ 400 ವ್ಯಾಟ್ ಬಳಸುತ್ತಿದೆಯೆಂದರೆ ಸೆಕೆಂಡಿಗೆ 400 ಜೂಲ್ ಶಾಖ ಎಣ್ಣೆಗೆ ಸೇರುತ್ತಿದೆ. ಆ ವೇಗದಲ್ಲಿ ಎರಡೂಮುಕ್ಕಾಲು ನಿಮಿಷಕ್ಕೊಂದು ಡಿಗ್ರಿಯಂತೆ ಎಣ್ಣೆ ಕಾಯುತ್ತ ಹೋಗುತ್ತದೆ. ಎಲ್ಲೂ ಶಾಖ ಸೋರದಿದ್ದರೆ ಒಂದು ಗಂಟೆಯಲ್ಲಿ 20 ಡಿಗ್ರಿಗೂ ಹೆಚ್ಚು ಏರಿಕೆ. ಮೊದಲ ಅರ್ಧ ಗಂಟೆಯ ವಿಡಿಯೊ ನೋಡಿ ಎಷ್ಟು ತಂಪಾಗಿದೆ ಎಂದು ಬೆರಗಾಗುವವರು ಗಮನಿಸಬೇಕಾದದ್ದು ಇದನ್ನೇ: ಅಲ್ಲಿ ಕಾಣುವುದು ತಂಪಲ್ಲ, ಎಣ್ಣೆ ಇನ್ನೂ ತುಂಬಿಕೊಳ್ಳುತ್ತಿರುವ ಶಾಖ.

ಬಿಸಿಯಾದಂತೆ ತೊಟ್ಟಿಯ ಗೋಡೆಗಳಿಂದಲೂ ಮೇಲ್ಮೈಯಿಂದಲೂ ಶಾಖ ಕೋಣೆಗೆ ಹೊರಡುತ್ತದೆ. ಒಟ್ಟು ಒಂದು ಚದರ ಮೀಟರ್ ಮೈಯಿರುವ ತೊಟ್ಟಿ, ಕೋಣೆಗಿಂತ ಬಿಸಿಯಾಗಿರುವ ಪ್ರತಿ ಡಿಗ್ರಿಗೆ ಸುಮಾರು 10 ವ್ಯಾಟ್ ಹೊರಹಾಕುತ್ತದೆ ಎಂದು ಅಂದಾಜಿಸಬಹುದು. ಹಾಗಾದರೆ 400 ವ್ಯಾಟ್ ಹೊರಹೋಗಲು ಎಣ್ಣೆ ಕೋಣೆಗಿಂತ 40 ಡಿಗ್ರಿ ಹೆಚ್ಚು ಬಿಸಿ ಇರಲೇಬೇಕು. ಕೋಣೆ 28 ಡಿಗ್ರಿ ಇದ್ದರೆ ಎಣ್ಣೆ 68ಕ್ಕೆ ನಿಲ್ಲುತ್ತದೆ. ರಾಯಚೂರಿನ ಬೇಸಿಗೆಯಲ್ಲಿ ಕೋಣೆಯೇ 40 ಆದರೆ ಎಣ್ಣೆ 80. ಚಿಪ್ಪು ಎಣ್ಣೆಗಿಂತಲೂ ಬಿಸಿ ಇರುವುದರಿಂದ ಅದು ಆಗಲೇ ಅಪಾಯದ ಅಂಚಿಗೆ ಬಂದಿರುತ್ತದೆ. ಇದನ್ನು ತಪ್ಪಿಸಲು ಪಂಪಿನಿಂದ ಎಣ್ಣೆಯನ್ನು ಹೊರಗಿನ ರೇಡಿಯೇಟರಿಗೆ ಕಳಿಸಿ, ಅಲ್ಲಿ ಫ್ಯಾನಿನಿಂದ ಆರಿಸಿ ವಾಪಸು ತರಬೇಕು. ಹೀಗೆ, ಬಿಟ್ಟೆವೆಂದುಕೊಂಡಿದ್ದ ಫ್ಯಾನು ತೊಟ್ಟಿಯ ಹೊರಗೆ ಮತ್ತೆ ಬಂದು ಕೂರುತ್ತದೆ, ಜೊತೆಗೊಂದು ಪಂಪೂ ಸೇರಿಕೊಳ್ಳುತ್ತದೆ.

ಎಣ್ಣೆ ಮಂದ ದ್ರವ ಎಂಬುದನ್ನೂ ಮರೆಯಬಾರದು. ಗಾಳಿಗೆಂದು ಒತ್ತೊತ್ತಾಗಿ ಮಾಡಿದ ಹೀಟ್‌ಸಿಂಕಿನ ಹಲ್ಲುಗಳ ನಡುವೆ ಅದು ಸುಲಭವಾಗಿ ಹರಿಯುವುದಿಲ್ಲ. ಹೀಗಾಗಿ ಲೆಕ್ಕದ ಸಾವಿರ ಪಟ್ಟು ಲಾಭ ವ್ಯವಹಾರದಲ್ಲಿ ಸಿಗುವುದೇ ಇಲ್ಲ.

ಬಿಡಿಭಾಗಗಳ ಕಥೆ ಬೇರೆ. ತಿರುಗುವ ತಟ್ಟೆಯ ಸಾಮಾನ್ಯ ಹಾರ್ಡ್ ಡಿಸ್ಕನ್ನು ಎಣ್ಣೆಗೆ ಇಳಿಸುವಂತಿಲ್ಲ. ಅದರ ಮೈಮೇಲಿನ ಉಸಿರು ರಂಧ್ರದಿಂದ ಎಣ್ಣೆ ನುಗ್ಗಿ, ತಟ್ಟೆಯ ಮೇಲೆ ತೇಲುವ ಸೂಕ್ಷ್ಮ ತಲೆಗಳನ್ನು ಕೆಡಿಸುತ್ತದೆ. ತಿರುಗುವ ಭಾಗಗಳಿಲ್ಲದ ಎಸ್‌ಎಸ್‌ಡಿಗೆ ಆ ತೊಂದರೆಯಿಲ್ಲ. ಚಿಪ್ಪಿಗೂ ಹೀಟ್‌ಸಿಂಕಿಗೂ ನಡುವೆ ಹಚ್ಚುವ ಪೇಸ್ಟು ಕ್ರಮೇಣ ತೊಳೆದುಹೋಗಬಹುದು. ತಂತಿಗಳ ಪಿವಿಸಿ ಹೊದಿಕೆಯನ್ನು ಮೆತ್ತಗಿಡುವ ರಾಸಾಯನಿಕವನ್ನು ಎಣ್ಣೆ ಹೀರಿಕೊಳ್ಳುವುದರಿಂದ ಕೆಲವು ತಿಂಗಳಲ್ಲಿ ಹೊದಿಕೆ ಗಡುಸಾಗಿ ಬಿರುಕು ಬಿಡುತ್ತದೆ. ರಬ್ಬರ್ ಭಾಗಗಳು ಉಬ್ಬುತ್ತವೆ. ದೀಪದ ಬತ್ತಿಯಲ್ಲಿ ಎಣ್ಣೆ ಏರುವ ಅದೇ ನಿಯಮದಿಂದ ಕೇಬಲ್ಲಿನ ಎಳೆಗಳ ಸಂದಿನಲ್ಲೂ ಎಣ್ಣೆ ಏರಿ, ಮಾನಿಟರ್, ಕೀಬೋರ್ಡ್‌ವರೆಗೂ ಜಿನುಗಬಹುದು. ರಿಪೇರಿಗೆ ಕೊಂಡೊಯ್ದರೆ ವಾರಂಟಿಯ ಮಾತೆತ್ತುವ ಹಾಗಿಲ್ಲ.

ಯಾವ ಎಣ್ಣೆ ಎಂಬುದೂ ಮುಖ್ಯ. ಅಡುಗೆ ಎಣ್ಣೆಗಳು ಬಿಸಿ ಮತ್ತು ಗಾಳಿಯ ಸಂಪರ್ಕದಲ್ಲಿ ಕಮಟಾಗಿ, ಕೊನೆಗೆ ಅಂಟಾಗುತ್ತವೆ. ತೆಂಗಿನೆಣ್ಣೆಯಂತೂ 24 ಡಿಗ್ರಿಗೆ ಹೆಪ್ಪುಗಟ್ಟುತ್ತದೆ; ಡಿಸೆಂಬರಿನಲ್ಲಿ ಬೆಂಗಳೂರಿನ ಮನೆಯಲ್ಲಿ ಬೆಳಗೆದ್ದು ನೋಡಿದರೆ ತೊಟ್ಟಿಯೇ ಗಟ್ಟಿಯಾಗಿರುತ್ತದೆ. ಔಷಧ ದರ್ಜೆಯ ಲಿಕ್ವಿಡ್ ಪ್ಯಾರಾಫಿನ್ ಬಣ್ಣ, ವಾಸನೆಯಿಲ್ಲದ ಖನಿಜ ಎಣ್ಣೆ, ಬೇಗ ಕೆಡುವುದಿಲ್ಲ. ಗುಜರಿಯಿಂದ ಹಳೆಯ ಟ್ರಾನ್ಸ್‌ಫಾರ್ಮರ್ ಎಣ್ಣೆ ತರುವ ಯೋಚನೆ ಮಾತ್ರ ಬೇಡವೇ ಬೇಡ. ಹಿಂದೆ ಆ ಎಣ್ಣೆಗಳಲ್ಲಿ ಪಿಸಿಬಿ ಎಂಬ, ದೇಹದಲ್ಲಿ ಉಳಿದುಬಿಡುವ ವಿಷಕಾರಿ ರಾಸಾಯನಿಕ ಬಳಕೆಯಲ್ಲಿತ್ತು.

ಇಷ್ಟೆಲ್ಲ ತೊಡಕಿರುವ ವಿಧಾನವನ್ನು ದೊಡ್ಡವರು ಏಕೆ ಬಿಟ್ಟಿಲ್ಲ? 1985ರ ಕ್ರೇ-2 ಸೂಪರ್‌ಕಂಪ್ಯೂಟರಿನ ಸರ್ಕ್ಯೂಟ್‌ಗಳು ಫ್ಲೋರಿನರ್ಟ್ ಎಂಬ ನಿರೋಧಕ ದ್ರವದಲ್ಲಿ ಮುಳುಗಿದ್ದವು, ಏಕೆಂದರೆ ಅಷ್ಟು ಒತ್ತೊತ್ತಾಗಿ ಜೋಡಿಸಿದ ಬೋರ್ಡುಗಳ ನಡುವೆ ಗಾಳಿಗೆ ಜಾಗವೇ ಇರಲಿಲ್ಲ. 2013ರ ನವೆಂಬರಿನಲ್ಲಿ ಟೋಕಿಯೊ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ತ್ಸುಬಾಮೆ-ಕೆಎಫ್‌ಸಿ, ಎಣ್ಣೆಯಲ್ಲಿ ಮುಳುಗಿದ ಯಂತ್ರ, ವಿದ್ಯುತ್ ಮಿತವ್ಯಯದ ಗ್ರೀನ್500 ಪಟ್ಟಿಯಲ್ಲಿ ಜಗತ್ತಿಗೇ ಮೊದಲ ಸ್ಥಾನ ಪಡೆಯಿತು. ಸಾವಿರಾರು ಸರ್ವರ್‌ಗಳಿರುವ ಡೇಟಾ ಸೆಂಟರಿನಲ್ಲಿ ಗಾಳಿಯನ್ನು ತಂಪು ಮಾಡಿ ತಳ್ಳುವುದಕ್ಕೇ ಬಹಳ ವಿದ್ಯುತ್ತು ಖರ್ಚಾಗುತ್ತದೆ. ಎಣ್ಣೆಯಾದರೆ 40 ಡಿಗ್ರಿ ಬೆಚ್ಚಗಿದ್ದರೂ ಕೆಲಸ ನಡೆಯುತ್ತದೆ. ಹಾಗಾಗಿ ಅದನ್ನು ಆರಿಸಲು ಶೀತಲ ಯಂತ್ರ ಬೇಕಿಲ್ಲ, ಹೊರಗಿನ ಗಾಳಿಯೇ ಬಹುಪಾಲು ಸಾಕು. ಬೆಂಗಳೂರಿನಂಥ ಊರಿಗೆ ಇದರಲ್ಲಿ ಇನ್ನೊಂದು ಅನುಕೂಲವಿದೆ. ಹಲವು ಡೇಟಾ ಸೆಂಟರುಗಳು ನೀರನ್ನು ಆವಿಯಾಗಿಸಿ ಶಾಖ ಕಳೆಯುತ್ತವೆ, ಮತ್ತು 2024ರ ಬೇಸಿಗೆಯಲ್ಲಿ ನೀರಿಗಾಗಿ ಪರದಾಡಿದ ನಗರಕ್ಕೆ ಆ ನೀರು ಉಳಿದರೆ ದೊಡ್ಡ ಮಾತು.

ಫ್ಲೋರಿನರ್ಟ್‌ನಂಥ ದುಬಾರಿ ಫ್ಲೋರಿನ್ ದ್ರವಗಳ ಕಾಲ ಮುಗಿಯುತ್ತ ಬಂದಿದೆ. ಪರಿಸರದಲ್ಲಿ ಕರಗದೆ ಉಳಿಯುವ ಆ ವರ್ಗದ ರಾಸಾಯನಿಕಗಳ ತಯಾರಿಕೆಯನ್ನು 2025ರ ಕೊನೆಯೊಳಗೆ ನಿಲ್ಲಿಸುವುದಾಗಿ ತ್ರೀಎಂ ಕಂಪನಿ 2022ರ ಡಿಸೆಂಬರಿನಲ್ಲಿ ಘೋಷಿಸಿತು. ಹಾಗಾಗಿ ಸಾದಾ ಎಣ್ಣೆಯ ಕಡೆಗೆ ಉದ್ಯಮದ ಗಮನ ಮತ್ತೆ ತಿರುಗಿದೆ.

ನನ್ನ ಅಭಿಪ್ರಾಯದಲ್ಲಿ ಈ ವಿದ್ಯೆಯ ನಿಜವಾದ ಜಾಗ ಡೇಟಾ ಸೆಂಟರೇ: ಒತ್ತೊತ್ತಾದ ಯಂತ್ರಗಳು, ನಿರಂತರ ದುಡಿಮೆ, ನೋಡಿಕೊಳ್ಳಲು ಜನ. ಒಂದೇ ಕಂಪ್ಯೂಟರಿರುವ ಮನೆಗೆ ಒಳ್ಳೆಯ ಹೀಟ್‌ಸಿಂಕ್, ನಿಧಾನವಾಗಿ ತಿರುಗುವ ದೊಡ್ಡ ಫ್ಯಾನು, ಆರು ತಿಂಗಳಿಗೊಮ್ಮೆ ಧೂಳು ಒರೆಸುವ ಅಭ್ಯಾಸ ಸಾಕು. ಆದರೂ ಶಾಖ ಹೇಗೆ ಹರಿಯುತ್ತದೆಂದು ಕಣ್ಣಾರೆ ಕಲಿಯಲು ಬಯಸುವ ವಿದ್ಯಾರ್ಥಿಗಳನ್ನು ತಡೆಯಲಾರೆ. ಹಾಳಾದರೂ ಚಿಂತೆಯಿಲ್ಲದ ಹಳೆಯ ಮದರ್‌ಬೋರ್ಡ್ ಆರಿಸಿಕೊಳ್ಳಿ. ಕೇಬಲ್ಲುಗಳು ತೊಟ್ಟಿಯ ಮೇಲಿನಿಂದಲೇ ಹೊರಬರಲಿ. ಎಣ್ಣೆಯಲ್ಲೊಂದು ಥರ್ಮಾಮೀಟರ್ ಇಟ್ಟು, ಹತ್ತು ನಿಮಿಷಕ್ಕೊಮ್ಮೆ ಬರೆದುಕೊಂಡು, ಮೇಲಿನ ಲೆಕ್ಕಕ್ಕೆ ಹೋಲಿಸಿ ನೋಡಿ. ಹತ್ತಿರ ಬೆಂಕಿ ಬೇಡ, ಪ್ಲಗ್ ಕೀಳದೆ ಒಳಗೆ ಕೈ ಹಾಕಬೇಡಿ, ಮತ್ತು ಕೆಲಸ ಮುಗಿದ ಮೇಲೆ ಎಣ್ಣೆಯನ್ನು ಚರಂಡಿಗೆ ಸುರಿಯದೆ ಬಳಸಿದ ಎಣ್ಣೆ ಸಂಗ್ರಹಿಸುವವರಿಗೆ ಕೊಡಿ.