ಐದು ಸ್ಥಾನ ಹಿಂದೆ ನಿಂತವನ ಲೆಕ್ಕ

ಸುರಪುರದ ಏರಿನಲ್ಲಿ ಹತ್ತಿ ಹೇರಿಕೊಂಡು ಹೋಗುವ ಟ್ರ್ಯಾಕ್ಟರನ್ನೂ, ಹತ್ತಿ ಇಳಿಸಿ ಬರಿದಾಗಿ ಮರಳುವ ಟ್ರ್ಯಾಕ್ಟರನ್ನೂ ನೀವು ನೋಡಿದ್ದೀರಿ. ಎಂಜಿನ್ ಅದೇ, ಚಾಲಕನೂ ಅವನೇ, ಆದರೆ ಓಟ ಬೇರೆ. ಬಲ ಅಷ್ಟೇ ಇದ್ದು ದ್ರವ್ಯರಾಶಿ ಹೆಚ್ಚಿದರೆ ವೇಗೋತ್ಕರ್ಷ ಕಡಿಮೆಯಾಗುತ್ತದೆ. ಇದು ನ್ಯೂಟನ್ನನ ಎರಡನೆಯ ನಿಯಮ. ಫಾರ್ಮುಲಾ ಒನ್ ಕಾರು ರೇಸಿನವರು ಇದೇ ನಿಯಮವನ್ನು ಹಿಡಿದು ಒಂದು ಸ್ವಾರಸ್ಯದ ಲೆಕ್ಕ ಹಾಕುತ್ತಿದ್ದರು.

ರೇಸಿನ ಹಿಂದಿನ ದಿನ ಅರ್ಹತಾ ಸ್ಪರ್ಧೆ ಇರುತ್ತದೆ. ಒಂದು ಸುತ್ತನ್ನು ಅತಿ ಬೇಗ ಮುಗಿಸಿದವನು ಮರುದಿನ ಎಲ್ಲರಿಗಿಂತ ಮುಂದೆ ನಿಲ್ಲುತ್ತಾನೆ. 2008 ಮತ್ತು 2009ರಲ್ಲಿ ಇದಕ್ಕೊಂದು ಕಟ್ಟಳೆಯಿತ್ತು. ಕೊನೆಯ ಹಂತ ತಲುಪಿದ ಹತ್ತು ಕಾರುಗಳು, ಆ ಹಂತ ಮುಗಿದಾಗ ಟ್ಯಾಂಕಿನಲ್ಲಿ ಉಳಿದ ಇಂಧನದಲ್ಲೇ ರೇಸು ಆರಂಭಿಸಬೇಕಿತ್ತು. ಮತ್ತೆ ತುಂಬಿಸಲು ರೇಸಿನ ನಡುವೆ ಪಿಟ್‌ಗೆ ಬರಬೇಕು. 11ನೆಯವನಿಂದ ಹಿಂದಿನವರು ಮಾತ್ರ ರೇಸಿಗೆ ಮುನ್ನ ತಮಗೆ ಬೇಕಾದಷ್ಟು ತುಂಬಿಸಿಕೊಳ್ಳಬಹುದಿತ್ತು.

ಸ್ಥೂಲವಾಗಿ, 10 ಕಿಲೊ ಇಂಧನ ಹೆಚ್ಚಾದರೆ ಒಂದು ಸುತ್ತಿಗೆ 0.3 ಸೆಕೆಂಡು ನಷ್ಟ. 30 ಕಿಲೊಗೆ 0.9 ಸೆಕೆಂಡು. ಅಷ್ಟರಲ್ಲಿ ಹಲವು ಸ್ಥಾನ ಕೈತಪ್ಪುತ್ತವೆ. ಆದರೆ ಸುತ್ತಿಗೆ 2.5 ಕಿಲೊ ಉರಿಯುತ್ತದೆ ಎಂದುಕೊಂಡರೆ, ಅದೇ 30 ಕಿಲೊ ಇನ್ನೂ 12 ಸುತ್ತು ಓಡಿಸುತ್ತದೆ.

ಈಗ ದಂಡದ ಮಾತು. ಗೇರ್‌ಬಾಕ್ಸನ್ನು ಅವಧಿಗೆ ಮುನ್ನ ಬದಲಿಸಿದ ಚಾಲಕ ಆಗ ಐದು ಸ್ಥಾನ ಹಿಂದೆ ನಿಲ್ಲಬೇಕಿತ್ತು. ಇದು ಮೊದಲೇ ಗೊತ್ತಿದ್ದರೆ ಅವನು ಎಷ್ಟು ತುಂಬಿಸಬೇಕು? ಹಗುರಾಗಿ ಓಡಿ ಮೊದಲಿಗನಾದರೂ ನಿಲ್ಲುವುದು ಆರನೆಯವನಾಗಿ. ಮುಂದೆ ಐದು ಕಾರು ಅಡ್ಡವಿರುವಾಗ ಹಗುರಾಗಿದ್ದೂ ಪ್ರಯೋಜನವಿಲ್ಲ. ಮೇಲಾಗಿ ಬೇಗನೆ ಪಿಟ್‌ಗೆ ಹೋಗಬೇಕು. ಭಾರ ಹೊತ್ತವನು ಇನ್ನೂ ಹಿಂದೆ ನಿಲ್ಲುತ್ತಾನೆ, ನಿಜ. ಆದರೆ ಮುಂದಿನವರು ಒಬ್ಬೊಬ್ಬರಾಗಿ ಪಿಟ್‌ಗೆ ಹೋದಂತೆ ಅವನ ದಾರಿ ತೆರೆಯುತ್ತದೆ. ಅಷ್ಟು ಹೊತ್ತಿಗೆ ಇಂಧನ ಉರಿದು ಅವನ ಕಾರೂ ಹಗುರಾಗಿರುತ್ತದೆ. ಮೊನಾಕೊದಂಥ ಇಕ್ಕಟ್ಟಿನ ಬೀದಿಗಳಲ್ಲಿ ಮಾತ್ರ ಈ ಲೆಕ್ಕ ಕೆಲಸಕ್ಕೆ ಬರುವುದು ಕಷ್ಟ. ಅಲ್ಲಿ ಹಿಂದೆ ಹಾಕುವುದೇ ದುಸ್ತರ.

ಆಗ ಬೆಂಗಳೂರಿನ ಉದ್ಯಮಿ ವಿಜಯ ಮಲ್ಯ ಅವರ ಸಹ ಒಡೆತನದಲ್ಲಿ ಫೋರ್ಸ್ ಇಂಡಿಯಾ ತಂಡವಿತ್ತು. 2009ರ ಆಗಸ್ಟಿನಲ್ಲಿ ಬೆಲ್ಜಿಯಂನ ಸ್ಪಾದಲ್ಲಿ ಅದರ ಚಾಲಕ ಫಿಸಿಕೆಲ್ಲಾ ಮೊದಲ ಸ್ಥಾನದಿಂದ ಹೊರಟು ಎರಡನೆಯವನಾಗಿ ಗುರಿ ಮುಟ್ಟಿದ. ಅಕ್ಟೋಬರಿನಲ್ಲಿ ಜಪಾನಿನ ಸುಜುಕಾದಲ್ಲಿ ಇನ್ನೊಬ್ಬ ಚಾಲಕ ಸುಟಿಲ್ ನಾಲ್ಕನೆಯ ಸ್ಥಾನ ಗಳಿಸಿದ. ಆದರೆ ಹಳದಿ ಬಾವುಟ ಕಂಡಾಗ ವೇಗ ತಗ್ಗಿಸಲಿಲ್ಲವೆಂದು ಅವನಿಗೂ ಇನ್ನು ಕೆಲವರಿಗೂ ಐದು ಸ್ಥಾನದ ದಂಡ ಬಿತ್ತು. ಅವನು ಎಂಟನೆಯವನಾಗಿ ಹೊರಟ. ದಂಡದ ತೀರ್ಪು ಬಂದದ್ದು ಅರ್ಹತಾ ಸ್ಪರ್ಧೆಯ ನಂತರ. ಇಂಧನ ಬದಲಿಸುವ ಅವಕಾಶ ಆಗ ಇರಲಿಲ್ಲ. ಮೊದಲೇ ತಿಳಿದ ದಂಡಕ್ಕೆ ಮಾತ್ರ ಇಂಧನದ ಲೆಕ್ಕ ಹಾಕಬಹುದು.

2010ರಿಂದ ರೇಸಿನ ನಡುವೆ ಇಂಧನ ತುಂಬಿಸುವುದನ್ನೇ ನಿಷೇಧಿಸಿದರು. ಈಗ ಅರ್ಹತಾ ಸ್ಪರ್ಧೆಗೆ ಎಲ್ಲರೂ ಕೆಲವೇ ಕಿಲೊ ಹಾಕಿಕೊಂಡು ಓಡುತ್ತಾರೆ.

ಪಾಲಕರೇ, ಈ ಲೆಕ್ಕ ನಮಗೂ ಬೇಕು. 2024ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲಿ ಯಾದಗಿರಿ ಜಿಲ್ಲೆ ರಾಜ್ಯದಲ್ಲಿ ಕೊನೆಗೆ ನಿಂತಿತು. ಹತ್ತಿ ಬಿಡಿಸಲು ಹೋದ ಹುಡುಗಿ, ಅಪ್ಪ ಅವ್ವನ ಜೊತೆ ಗುಳೆ ಹೋಗಿ ಬಂದ ಹುಡುಗ ತರಗತಿಗೆ ಮರಳುವಾಗ ಐದು ಸ್ಥಾನ ಹಿಂದೆಯೇ ನಿಂತಿರುತ್ತಾರೆ. ಇದು ನಮಗೆ ಮೊದಲೇ ಗೊತ್ತಿರುವ ದಂಡ. ಮುಂದಿನ ವಾರದ ಕಿರುಪರೀಕ್ಷೆಗೆ ನಾಲ್ಕು ಪ್ರಶ್ನೆ ಬಾಯಿಪಾಠ ಮಾಡಿಸಿ ಅಂಕ ತರಿಸುವುದೆಂದರೆ ಹಗುರ ಕಾರು ಓಡಿಸಿದಂತೆ. ಅದರ ಬದಲು ತಪ್ಪಿಹೋದ ಭಿನ್ನರಾಶಿಯನ್ನೋ ಬೀಜಗಣಿತವನ್ನೋ ಮೊದಲಿನಿಂದ ಕಲಿಸಿರಿ. ಎರಡು ತಿಂಗಳು ಅಂಕ ಕಡಿಮೆ ಬಂದರೆ ಬೈಯಬೇಡಿರಿ. ಮಾರ್ಚಿನ ಪರೀಕ್ಷೆಯ ತನಕ ಓಡಿಸುವುದು ಆ ಕಲಿಕೆಯೇ. ಸಾಧ್ಯವಿದ್ದವರು ಸುಗ್ಗಿಯಲ್ಲೂ ಮಗುವನ್ನು ಶಾಲೆ ಬಿಡಿಸಬೇಡಿರಿ. ದಂಡವೇ ಇಲ್ಲದಿದ್ದರೆ ಅದಕ್ಕಿಂತ ಒಳ್ಳೆಯದು ಯಾವುದು?

ವಿದ್ಯಾರ್ಥಿಗಳಿಗೆ ಈ ವಾರದ ಲೆಕ್ಕ: 2009ರಲ್ಲಿ ಚಾಲಕನೂ ಸೇರಿ ಕಾರಿನ ಕನಿಷ್ಠ ತೂಕ 605 ಕಿಲೊ. ಅದಕ್ಕೆ 55 ಕಿಲೊ ಇಂಧನ ತುಂಬಿದರೆ, ಬಲ ಬದಲಾಗದಿದ್ದಾಗ, ವೇಗೋತ್ಕರ್ಷ ಎಷ್ಟನೆಯ ಒಂದು ಭಾಗ ಕಡಿಮೆಯಾಗುತ್ತದೆ? ಉತ್ತರ ಮುಂದಿನ ವಾರ.