ದ್ವೀಪದ ಪಹಣಿಯಲ್ಲಿ ಫ್ರೈಡೇ ಹೆಸರೇಕಿಲ್ಲ?

ಮೈಸೂರಿನ ರಾಜೀವನಗರದಲ್ಲಿ ನಾವು ನಾಲ್ವರು ಬಾಡಿಗೆಗಿರುವ ಮನೆಯಲ್ಲಿ ಕಳೆದ ವಾರ ಒಂದು ಹಳೇ ಪುಸ್ತಕದ ವಿಷಯಕ್ಕೆ ಜಗಳವೇ ಆಯಿತು. ಪುಸ್ತಕ ‘ರಾಬಿನ್ಸನ್ ಕ್ರೂಸೋ’. ಶಾಲೆಯಲ್ಲಿ ನೀವೂ ಅದರ ಕಥೆ ಕೇಳಿರಬಹುದು. ಹಡಗು ಒಡೆದು, ಒಬ್ಬನೇ ದ್ವೀಪ ಸೇರಿ, ಅಲ್ಲಿ 28 ವರ್ಷ ಬದುಕಿದವನ ಕಥೆ. ಮಕ್ಕಳ ಸಾಹಸದ ಪುಸ್ತಕ ಎಂದುಕೊಂಡಿದ್ದೆವು. ಪೂರ್ತಿ ಓದಿದ ಮೇಲೆ ಇದು ಜಮೀನಿನ ಕಥೆ ಅನ್ನಿಸಿತು.

ಡೇನಿಯಲ್ ಡೆಫೋ ಇದನ್ನು ಲಂಡನ್ನಿನಲ್ಲಿ ಪ್ರಕಟಿಸಿದ್ದು 1719ರಲ್ಲಿ. ಯುರೋಪಿನಲ್ಲಿ ‘ಜ್ಞಾನೋದಯದ ಯುಗ’ ಎಂದು ಕರೆಯುವ ಕಾಲದ ಆರಂಭ ಅದು. ದೊಡ್ಡವರು ಹೇಳಿದರು ಎಂದು ಒಪ್ಪಬೇಡ; ನೀನೇ ನೋಡು, ಅಳೆ, ಲೆಕ್ಕ ಬರೆ, ಕಾರಣ ಹುಡುಕು. ಆ ಕಾಲದ ಹೊಸ ಮಾತು ಇದು.

ಕ್ರೂಸೋ ಹಾಗೇ ಬದುಕುತ್ತಾನೆ. ಕಂಬದ ಮೇಲೆ ಕಚ್ಚು ಹಾಕಿ ದಿನ ಎಣಿಸುತ್ತಾನೆ. ತನ್ನ ಕಷ್ಟ ಒಂದು ಕಡೆ, ಸುಖ ಇನ್ನೊಂದು ಕಡೆ ಬರೆದು ಅಂಗಡಿ ಲೆಕ್ಕದಂತೆ ತೂಗುತ್ತಾನೆ. ಒಂದು ದಿನ ಬಂಡೆಯ ಪಕ್ಕ ಬಾರ್ಲಿ ತೆನೆ ಕಾಣಿಸುತ್ತವೆ. ದೇವರ ಪವಾಡ ಎಂದು ಕಣ್ಣೀರು ಹಾಕುತ್ತಾನೆ. ಆಮೇಲೆ ನೆನಪಾಗುತ್ತದೆ: ಕೋಳಿ ಕಾಳಿನ ಚೀಲವನ್ನು ತಾನೇ ಅಲ್ಲಿ ಕೊಡವಿದ್ದ!

ಮುಂದಿನದು ರೈತರಿಗೆ ಚೆನ್ನಾಗಿ ಅರ್ಥವಾಗುತ್ತದೆ. ಹೊತ್ತುಗೊತ್ತಿಲ್ಲದೆ ಒಣ ಕಾಲದಲ್ಲಿ ಬಿತ್ತಿ ಬೀಜ ಕಳೆದುಕೊಳ್ಳುತ್ತಾನೆ. ಪುಣ್ಯಕ್ಕೆ ಒಂದು ಪಾಲು ಎತ್ತಿಟ್ಟಿರುತ್ತಾನೆ. ಮಳೆಗಾಲ ಯಾವುದು, ಬೇಸಿಗೆ ಯಾವುದು ಎಂದು ಬರೆದಿಟ್ಟುಕೊಂಡು ಮತ್ತೆ ಬಿತ್ತುತ್ತಾನೆ. ತಾನು ಬೆಳೆದ ಕಾಳನ್ನು ಬಾಯಿಗೆ ಹಾಕುವ ಹೊತ್ತಿಗೆ ನಾಲ್ಕನೇ ವರ್ಷ. ಫ್ರಾನ್ಸಿನ ರೂಸೋ 1762ರಲ್ಲಿ, ಹುಡುಗನೊಬ್ಬ ಮೊದಲು ಓದಬೇಕಾದ ಪುಸ್ತಕ ಇದೇ ಎಂದದ್ದು ಸುಮ್ಮನೆ ಅಲ್ಲ.

ಆ ಯುಗದ ಇನ್ನೊಂದು ದೊಡ್ಡ ವಿಚಾರ ಜಾನ್ ಲಾಕ್ ಎಂಬ ಇಂಗ್ಲೆಂಡಿನ ಚಿಂತಕನದು. ಡೆಫೋನ ಪುಸ್ತಕಕ್ಕೆ ಸುಮಾರು 30 ವರ್ಷ ಮೊದಲೇ ಆತ ಬರೆದಿದ್ದ: ಭೂಮಿಗೆ ಯಾರು ಮೈಮುರಿದು ದುಡಿಯುತ್ತಾರೋ ಅದು ಅವರದಾಗುತ್ತದೆ. ಕ್ರೂಸೋ ಬೇಲಿ ಹಾಕುತ್ತಾನೆ, ಅಗೆಯುತ್ತಾನೆ, ಬೆಳೆಯುತ್ತಾನೆ. ಇಡೀ ದ್ವೀಪ ನನ್ನದು ಎನ್ನುತ್ತಾನೆ.

ಈ ಮಾತು ನಮಗೆ ಹೊಸದೇ? ‘ಉಳುವವನೇ ಹೊಲದೊಡೆಯ’ ಎಂಬುದು ನಮ್ಮ ಊರುಗಳಲ್ಲಿ ಎಲ್ಲರಿಗೂ ಗೊತ್ತು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು ಹೋರಾಡಿದರು. ನಮ್ಮ ಹುಣಸೂರು ಸೀಮೆಯ ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದಾಗ, 1974ರ ಮಾರ್ಚ್ 1ರಿಂದ ಗೇಣಿ ಪದ್ಧತಿಯನ್ನೇ ತೆಗೆದುಹಾಕುವ ಕಾನೂನು ಜಾರಿಗೆ ಬಂತು. ನಮ್ಮಲ್ಲೊಬ್ಬನ ತಾತ ಫಾರಂ ನಂಬರ್ 7 ಹಾಕಿ ಎರಡು ಎಕರೆ ಪಡೆದವರು. ಅವನಿಗೆ ಕ್ರೂಸೋ ತನ್ನ ತಾತನ ಹಾಗೇ ಕಂಡ.

ಜಗಳ ಶುರುವಾದದ್ದು ಇಲ್ಲೇ. ನಮ್ಮಲ್ಲಿ ಇನ್ನೊಬ್ಬಳು ಕೂಲಿ ಮಾಡುವ ಮನೆಯಿಂದ ಬಂದವಳು. ಅವಳು ಕೇಳಿದಳು: “ಸರಿ, ಫ್ರೈಡೇ ಪಾಲು ಎಲ್ಲಿ?”

ಫ್ರೈಡೇ ಆ ಸೀಮೆಯವನೇ. ಅವನ ನಿಜವಾದ ಹೆಸರೇನು ಎಂದು ಕ್ರೂಸೋ ಕೇಳುವುದಿಲ್ಲ. ಶುಕ್ರವಾರ ಜೀವ ಉಳಿಸಿದ್ದಕ್ಕೆ ಆ ಹೆಸರಿಡುತ್ತಾನೆ. ತನ್ನನ್ನು ‘ಒಡೆಯ’ ಎಂದು ಕರೆಯಲು ಕಲಿಸುತ್ತಾನೆ. ಇಬ್ಬರು ತಿನ್ನಬೇಕೆಂದು ಹೊಲ ದೊಡ್ಡದು ಮಾಡಿದಾಗ ಫ್ರೈಡೇ ಮನಸ್ಸಿಟ್ಟು ದುಡಿಯುತ್ತಾನೆ. ಕೊನೆಗೆ ಕ್ರೂಸೋ ದ್ವೀಪವನ್ನು ಬೇರೆಯವರಿಗೆ ಭಾಗ ಮಾಡಿ ಕೊಟ್ಟು, ಒಟ್ಟು ಒಡೆತನ ತನ್ನಲ್ಲೇ ಇಟ್ಟುಕೊಳ್ಳುತ್ತಾನೆ. ದುಡಿದು ಹಕ್ಕು ಪಡೆದವನು ಜಮೀನ್ದಾರನಾಗಿ ಕೂರುತ್ತಾನೆ. ಫ್ರೈಡೇಗೆ ಒಂದು ಗುಂಟೆಯೂ ಇಲ್ಲ.

ಇದು ಮರೆತು ಆದ ತಪ್ಪಲ್ಲ. ಕ್ರೂಸೋನ ಹಡಗು ಒಡೆದದ್ದೇ ಆಫ್ರಿಕಾದಿಂದ ಗುಲಾಮರನ್ನು ತರಲು ಹೊರಟಾಗ. ಲಾಕ್‌ನೂ ಗುಲಾಮರ ವ್ಯಾಪಾರ ಮಾಡುವ ಕಂಪನಿಯಲ್ಲಿ ಷೇರು ಇಟ್ಟವನೇ. ಹೊಸ ಬೆಳಕು ಬಂದದ್ದು ನಿಜ. ಅದು ಯಾರ ಮನೆ ಬಾಗಿಲವರೆಗೆ ಬಂತು ಎಂಬುದೇ ಪ್ರಶ್ನೆ.

ಆದರೂ ಪುಸ್ತಕದಲ್ಲಿ ಒಂದು ಜಾಗ ನಮಗೆ ಬಹಳ ಇಷ್ಟವಾಯಿತು. ಕ್ರೂಸೋ ಧರ್ಮ ಬೋಧಿಸುವಾಗ ಫ್ರೈಡೇ ಕೇಳುತ್ತಾನೆ: ದೇವರು ಅಷ್ಟು ಬಲಶಾಲಿಯಾದರೆ ಸೈತಾನನನ್ನು ಯಾಕೆ ಕೊಂದುಹಾಕಲಿಲ್ಲ? ಕ್ರೂಸೋಗೆ ಉತ್ತರ ತೋಚುವುದಿಲ್ಲ, ಕೇಳಿಸದವನಂತೆ ನಟಿಸುತ್ತಾನೆ. ಆ ಯುಗದ ಪಾಠವನ್ನು ಅಲ್ಲಿ ಸರಿಯಾಗಿ ಕಲಿತವನು ಫ್ರೈಡೇ.

ಅಂಥ ಪ್ರಶ್ನೆಯನ್ನು ನಾವೂ ಕೇಳಿಕೊಳ್ಳಬೇಕು. 1974ರಲ್ಲಿ ಗೇಣಿದಾರರಿಗೆ ಭೂಮಿ ಸಿಕ್ಕಿತು, ಅದು ದೊಡ್ಡ ಕೆಲಸ. ಆದರೆ ಅದೇ ಗದ್ದೆಯಲ್ಲಿ ಕೂಲಿಗೆ ನಾಟಿ ಹಾಕಿದವರು ಫಾರಂ 7 ಹಾಕುವಂತಿರಲಿಲ್ಲ. ಜಗಳ ಮುಗಿಯುವ ಹೊತ್ತಿಗೆ ಎರಡು ಎಕರೆಯ ಮೊಮ್ಮಗನೇ ಮೆಲ್ಲಗೆ ಹೇಳಿದ: “ನಮ್ಮಜ್ಜಿನೂ ತಾತನ ಸಮಕ್ಕೆ ದುಡಿದಳು. ಪಹಣಿಯಲ್ಲಿ ಅವಳ ಹೆಸರು ಯಾವತ್ತೂ ಬರಲಿಲ್ಲ.”

ಈ ನಡುವೆ 2020ರ ತಿದ್ದುಪಡಿ ಬಂದ ಮೇಲೆ ಕೃಷಿಕರಲ್ಲದವರೂ ಹೊಲ ಕೊಳ್ಳಬಹುದು. ಉಳುವವನೇ ಒಡೆಯ ಎಂಬ ಮಾತು ಹಿಂದಕ್ಕೆ ಸರಿದು, ಕೊಳ್ಳುವವನೇ ಒಡೆಯ ಎಂಬಂತಾಗಿದೆ. ನಮ್ಮ ಅಭಿಪ್ರಾಯದಲ್ಲಿ ದುಡಿಮೆಯಿಂದ ಹಕ್ಕು ಎಂಬ ವಿಚಾರ ಹಳತಾಗಿಲ್ಲ, ಅರ್ಧಕ್ಕೆ ನಿಂತಿದೆ. ಕೂಲಿಯವರಿಗೂ ಹೆಂಗಸರಿಗೂ ಬಗರ್‌ಹುಕುಂ ಅರ್ಜಿ ಹಿಡಿದು ಅಲೆಯುವವರಿಗೂ ಅದು ತಲುಪಬೇಕು.

ಇವತ್ತು ಮನೆಯಲ್ಲಿ ಪಹಣಿ ಇದ್ದರೆ ತೆಗೆದು ನೋಡಿ. ಆ ಹೊಲದಲ್ಲಿ ದುಡಿದವರಲ್ಲಿ ಯಾರ ಹೆಸರು ಅದರಲ್ಲಿಲ್ಲ ಎಂದು ಒಮ್ಮೆ ಎಣಿಸಿ.