ನಮ್ಮ ಹೆಣ್ಣುಮಕ್ಕಳೂ ಅದ್ಭುತ ಕಾದಂಬರಿಗಳೂ

ಹೆಣ್ಣುಮಕ್ಕಳು ಓದಬಹುದೇ ಎಂಬ ಪ್ರಶ್ನೆಯು ನಮ್ಮ ಅಜ್ಜಿಯರ ಕಾಲಕ್ಕೇ ತೀರಿಹೋಯಿತು. ಆದರೆ ಏನನ್ನು ಓದಬೇಕು ಎಂಬ ಪ್ರಶ್ನೆಯು ಇನ್ನೂ ಅನೇಕ ಮನೆಗಳ ಪಡಸಾಲೆಯಲ್ಲಿ ಕುಳಿತೇ ಇದೆ. ಪಾಠದ ಪುಸ್ತಕವಾದರೆ ಸರಿ. ಮಹನೀಯರ ಚರಿತ್ರೆಯಾದರೆ ಸಂತೋಷ. ಸಂಸಾರದ ಕಾದಂಬರಿಯಾದರೆ, ಮನೆಗೆಲಸ ಮುಗಿದ ಮೇಲೆ, ಆಗಬಹುದು. ಮಗಳು ನಕ್ಷತ್ರಲೋಕಕ್ಕೆ ಹಾರುವ ನೌಕೆಯ ಕಥೆಯನ್ನೋ, ಕಾಲವನ್ನು ಹಿಂದಕ್ಕೂ ಮುಂದಕ್ಕೂ ದಾಟುವ ಯಂತ್ರದ ಕಥೆಯನ್ನೋ, ಮಾತನಾಡುವ ಮೃಗಗಳ ರಾಜ್ಯದ ಕಥೆಯನ್ನೋ ಹಿಡಿದು ಕುಳಿತಳೆಂದರೆ ಮಾತ್ರ, “ಇದೆಂಥ ಹುಚ್ಚು? ಇದರಿಂದ ಪರೀಕ್ಷೆಯಲ್ಲಿ ಒಂದು ಅಂಕವಾದರೂ ಹೆಚ್ಚು ಬಂದೀತೆ?” ಎಂದು ಕೇಳದ ತಂದೆತಾಯಿಗಳು ವಿರಳ. ಇಂತಹ ಅದ್ಭುತ ಕಾದಂಬರಿಗಳೂ ವಿಜ್ಞಾನ ಕಾದಂಬರಿಗಳೂ ನಮ್ಮ ಹುಡುಗಿಯರಿಗೆ ಅವಶ್ಯವೆಂದೂ, ಅವುಗಳಲ್ಲಿ ಹೊಸದನ್ನು ಹುಡುಕಿಕೊಡುವ ಹೊಣೆಯು ಅಂಗಡಿಯವನದಲ್ಲ, ಮೊದಲು ಓದಿದವರದೆಂದೂ ನನ್ನ ಅಭಿಪ್ರಾಯ. ಅದನ್ನು ಈ ಶಾಲೆಯ ಹಳೆಯ ವಿದ್ಯಾರ್ಥಿನಿಯರ ಮುಂದೆಯೂ ಮಾತಾಪಿತೃಗಳ ಮುಂದೆಯೂ ಇರಿಸುತ್ತೇನೆ.

ಇಂತಹ ಪುಸ್ತಕಗಳು ಪರದೇಶದ ಸರಕು ಎಂಬುದು ಮೊದಲನೆಯ ಆಕ್ಷೇಪಣೆ. ಇದನ್ನು ಹೇಳುವವರು ತಾವು ದಿನವೂ ಬಳಸುವ ಒಂದು ಮಾತನ್ನು ಮರೆತಿದ್ದಾರೆ. ಇಂಗ್ಲಿಷರು ‘ನಾವೆಲ್’ ಎನ್ನುವುದಕ್ಕೆ ನಾವು ‘ಕಾದಂಬರಿ’ ಎನ್ನುತ್ತೇವಲ್ಲವೆ? ಆ ಹೆಸರು ಬಂದುದು ಏಳನೆಯ ಶತಮಾನದ ಬಾಣಭಟ್ಟನ ಸಂಸ್ಕೃತ ಕಥೆಯಿಂದ. ಅದನ್ನು ಹತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ನಾಗವರ್ಮನು ಕನ್ನಡಕ್ಕೆ ತಂದನು. ಆ ಕಥೆಯನ್ನು ಆರಂಭಿಸುವುದು ರಾಜಸಭೆಗೆ ಬಂದ ಒಂದು ಗಿಳಿ. ಅದರಲ್ಲಿ ಚಂದ್ರನೇ ರಾಜಕುಮಾರನಾಗಿ ಹುಟ್ಟುತ್ತಾನೆ. ಶಾಪಗ್ರಸ್ತನಾದ ಗೆಳೆಯನು ಕುದುರೆಯಾಗುತ್ತಾನೆ. ಸತ್ತವರು ಜನ್ಮಾಂತರವನ್ನು ದಾಟಿ, ಕಾದು ಕುಳಿತ ಪ್ರಿಯೆಯರ ಬಳಿಗೆ ಹಿಂದಿರುಗುತ್ತಾರೆ. ನಮ್ಮ ಭಾಷೆಯಲ್ಲಿ ಕಾದಂಬರಿಯೆಂಬ ಹೆಸರೇ ಅದ್ಭುತದ ಕೂಸು. ಸಂಸಾರದ ಕಥೆಗಳು ಆಮೇಲೆ ಬಂದು ಆ ಹೆಸರನ್ನು ಹಂಚಿಕೊಂಡವು.

ಮಾಯಾಮಂತ್ರಗಳ ಕಥೆಯಿಂದ ದೈವಭಕ್ತಿಗೆ ಕುಂದು ಬರುವುದೆಂಬುದು ಎರಡನೆಯ ಆಕ್ಷೇಪಣೆ. ನಮ್ಮಂತಹ ಶಾಲೆಗೆ ಮಕ್ಕಳನ್ನು ಕಳುಹಿಸುವ ಮನೆಗಳಲ್ಲಿ ಇದು ಪ್ರಾಮಾಣಿಕವಾದ ಶಂಕೆ. ಇದನ್ನು ನಕ್ಕು ತಳ್ಳಿಬಿಡಲಾಗದು. ಆದರೆ 1847ರಲ್ಲಿಯೇ ‘ಯಾತ್ರಿಕನ ಸಂಚಾರ’ವೆಂಬ ಪುಸ್ತಕವು ಕನ್ನಡದಲ್ಲಿ ಅಚ್ಚಾಯಿತೆಂಬುದನ್ನು ನೆನೆಯೋಣ. ಜಾನ್ ಬನ್ಯನ್ ಎಂಬಾತನು 1678ರಲ್ಲಿ ಪ್ರಕಟಿಸಿದ ಆ ಗ್ರಂಥವನ್ನು ಕನ್ನಡ ನಾಡಿಗೆ ತಂದವರು ಮಿಷನರಿಗಳೇ. ಅದರಲ್ಲಿ ನಿರಾಶೆಯೆಂಬ ರಾಕ್ಷಸನು ಕೋಟೆಯಲ್ಲಿ ಯಾತ್ರಿಕರನ್ನು ಸೆರೆಯಿಡುತ್ತಾನೆ. ರೆಕ್ಕೆಯುಳ್ಳ ಘೋರಾಕಾರನೊಬ್ಬನು ದಾರಿಗೆ ಅಡ್ಡ ನಿಂತು ಕಾದುತ್ತಾನೆ. ಅದನ್ನು ಓದಿ ಕೆಟ್ಟವರಿಲ್ಲ. ನಿರಾಶೆಯೂ ಜಯಿಸತಕ್ಕ ವೈರಿಯೆಂದು ತಿಳಿದು ಧೈರ್ಯ ತಾಳಿದವರುಂಟು. ಕಾಣದ ಸತ್ಯವನ್ನು ಕಾಣುವ ಆಕಾರದಲ್ಲಿ ತೋರಿಸುವುದು ಸಾಮ್ಯಗಳ ರೀತಿಯಲ್ಲವೆ? ಒಳ್ಳೆಯ ಅದ್ಭುತ ಕಥೆಯ ರೀತಿಯೂ ಅದೇ.

ಇದರಿಂದ ಪ್ರಯೋಜನವೇನು ಎಂಬ ಮೂರನೆಯ ಆಕ್ಷೇಪಣೆ ಎಲ್ಲಕ್ಕಿಂತ ಬಲವಾದುದು. ಅದಕ್ಕೆ ಬಂಗಾಳದ ಒಬ್ಬ ಹೆಣ್ಣುಮಗಳೇ ಉತ್ತರ ಕೊಟ್ಟಿದ್ದಾಳೆ. ರೊಕೆಯಾ ಸಖಾವತ್ ಹುಸೇನ್ ಎಂಬಾಕೆ ಪರದೆಯೊಳಗೆ ಬೆಳೆದವಳು. ಶಾಲೆಗೆ ಹೋಗುವ ಭಾಗ್ಯವಿಲ್ಲದೆ ಅಣ್ಣನ ನೆರವಿನಿಂದ ಇಂಗ್ಲಿಷನ್ನು ಕಲಿತವಳು. ಆಕೆ ಆ ಭಾಷೆಯಲ್ಲಿ ಬರೆದ ‘ಸುಲ್ತಾನಳ ಕನಸು’ ಎಂಬ ಕಥೆಯು 1905ರಲ್ಲಿ ಮದರಾಸಿನ ‘ಇಂಡಿಯನ್ ಲೇಡೀಸ್ ಮ್ಯಾಗಜೀನ್’ ಎಂಬ ಪತ್ರಿಕೆಯಲ್ಲಿ ಪ್ರಕಟವಾಯಿತು. ಆ ಪತ್ರಿಕೆಯನ್ನು 1901ರಲ್ಲಿ ಆರಂಭಿಸಿ ನಡೆಸಿದವರು ಕಮಲಾ ಸತ್ಯನಾಥನ್ ಎಂಬ ಕ್ರೈಸ್ತ ಮಹಿಳೆ. ನಮ್ಮ ಬಳ್ಳಾರಿ ಜಿಲ್ಲೆಯು ಆಗ ಅದೇ ಮದರಾಸು ಪ್ರಾಂತಕ್ಕೆ ಸೇರಿದ್ದಿತು.

ಆ ಕಥೆಯ ನಾಡಿನಲ್ಲಿ ಹೆಂಗಸರು ನಿರ್ಭಯವಾಗಿ ಬೀದಿಯಲ್ಲಿ ನಡೆಯುತ್ತಾರೆ. ಗಂಡಸರೇ ಅಂತಃಪುರದಲ್ಲಿದ್ದು ಅಡಿಗೆ ಮಾಡುತ್ತಾರೆ. ಅಲ್ಲಿ ಹೆಂಗಸರ ವಿಶ್ವವಿದ್ಯಾಲಯಗಳುಂಟು. ಒಂದರ ಪಂಡಿತೆಯರು ಮೋಡಗಳಿಂದ ನೇರವಾಗಿ ನೀರನ್ನು ಸೆಳೆಯುವ ಉಪಾಯವನ್ನು ಕಂಡುಹಿಡಿದಿದ್ದಾರೆ. ಇನ್ನೊಂದರವರು ಬಿಸಿಲಿನ ಕಾವನ್ನು ಕೂಡಿಟ್ಟು, ಅದರಿಂದ ಅಡಿಗೆಯನ್ನೂ ಮಾಡಿಸಿ ಶತ್ರುಸೈನ್ಯವನ್ನೂ ಓಡಿಸಿದ್ದಾರೆ. ಸಂಚಾರಕ್ಕೆ ಆಕಾಶಯಾನಗಳಿವೆ. ಇದನ್ನು ಬರೆದಾಗ ರೈಟ್ ಸಹೋದರರ ವಿಮಾನವು ಮೊದಲು ನೆಲವನ್ನು ಬಿಟ್ಟು ಎರಡೇ ವರ್ಷವಾಗಿತ್ತು. ಕಥೆ ಪ್ರಕಟವಾದ ಆರು ವರ್ಷಗಳ ಮೇಲೆ, 1911ರಲ್ಲಿ, ಅದೇ ರೊಕೆಯಾ ಕಲ್ಕತ್ತೆಯಲ್ಲಿ ಎಂಟು ಮಂದಿ ಬಾಲಿಕೆಯರನ್ನು ಕೂಡಿಸಿಕೊಂಡು ಒಂದು ಶಾಲೆಯನ್ನು ತೆರೆದಳು. ಕನಸಿನ ವಿಶ್ವವಿದ್ಯಾಲಯ ಮೊದಲು, ಇಟ್ಟಿಗೆಯ ಶಾಲೆ ಅನಂತರ. ಇರುವ ಲೋಕವನ್ನೇ ಕೊನೆಯ ಲೋಕವೆಂದು ನಂಬಿದವಳು ಅದರಲ್ಲಿ ಒಂದು ಕಿಟಕಿಯನ್ನಾದರೂ ತೆರೆಯಲಾರಳು. ಬೇರೆ ಲೋಕವೊಂದು ಸಾಧ್ಯವೆಂದು ಒಮ್ಮೆಯಾದರೂ ಮನಸ್ಸಿನಲ್ಲಿ ಕಂಡವಳು ಬಾಗಿಲನ್ನೇ ಇಡಿಸಿಯಾಳು. ಇದಕ್ಕಿಂತ ಹಿರಿದಾದ ಪ್ರಯೋಜನವನ್ನು ಪುಸ್ತಕದಿಂದ ಬಯಸುವುದುಂಟೆ?

ಈ ಜಾತಿಯ ಸಾಹಿತ್ಯವು ಗಂಡುಹುಡುಗರ ಸೊತ್ತೆಂಬ ಮಾತೂ ನಿಲ್ಲತಕ್ಕದ್ದಲ್ಲ. ವಿಜ್ಞಾನ ಕಾದಂಬರಿಗಳಲ್ಲಿ ಮೊದಲನೆಯದೆಂದು ಅನೇಕರು ಎಣಿಸುವ ‘ಫ್ರಾಂಕೆನ್‌ಸ್ಟೈನ್’ ಕಥೆಯನ್ನು ಬರೆಯತೊಡಗಿದಾಗ ಮೇರಿ ಶೆಲ್ಲಿಗೆ ಹದಿನೆಂಟು ವರ್ಷ. 1818ರಲ್ಲಿ ಅದು ಅಚ್ಚಾದಾಗ ಮುಖಪುಟದಲ್ಲಿ ಆಕೆಯ ಹೆಸರಿರಲಿಲ್ಲ.

ಇನ್ನು, ಹೊಸ ಪುಸ್ತಕಗಳನ್ನು ಹುಡುಕುವ ಬಗೆ. ಸಂಡೂರು ತಾಲ್ಲೂಕಿನ ಬಂಡ್ರಿಯಂತಹ ಊರಿನ ಹುಡುಗಿಗೆ ಪುಸ್ತಕದಂಗಡಿಯೆಂದರೆ ಬಸ್ಸು ಹತ್ತಿ ಹೋಗತಕ್ಕ ದಾರಿ. ಮೊಬೈಲಿನಲ್ಲಿ ಎಲ್ಲವೂ ಸಿಕ್ಕುವುದೆನ್ನುವರು. ಸಿಕ್ಕುವುದು ನಿಜವೇ, ಆದರೆ ಒಂದು ಪುಸ್ತಕವನ್ನು ಕೊಂಡವಳಿಗೆ ಮಾರಾಟಗಾರನ ಯಂತ್ರವು ಅದರಂತಹುದನ್ನೇ ಮತ್ತೆ ಮತ್ತೆ ಮುಂದೊಡ್ಡುವುದು. ಹಾಗೆ ದೊರೆತುದು ಹೊಸ ಪುಸ್ತಕವಲ್ಲ, ಹಳೆಯ ಪುಸ್ತಕದ ನೆರಳು. ಹೆಸರನ್ನೇ ಕೇಳದ ಪುಸ್ತಕವನ್ನು ಹುಡುಕುವುದು ಹೇಗೆಂಬುದೇ ಇಲ್ಲಿಯ ತೊಡಕು. ಅದಕ್ಕೆ ಮೂರು ದಾರಿಗಳನ್ನು ಸೂಚಿಸುತ್ತೇನೆ.

ಮೊದಲನೆಯದು, ತನ್ನ ನೆಲದಿಂದ ಹೊರಡುವುದು. ಸಂಡೂರಿನ ಬೆಟ್ಟಗಳ ಆಚೆಗೆ ಹಂಪೆಯಿದೆ. ಆ ಕಲ್ಲುಗಳ ಸುತ್ತ ನಮ್ಮ ಕಾಲದಲ್ಲಿಯೇ ಎಷ್ಟು ಕಥೆಗಳು ಹುಟ್ಟಿವೆ ನೋಡಿರಿ. 1565ರ ಯುದ್ಧದ ತರುವಾಯ ಐನೂರೈವತ್ತು ಆನೆಗಳ ಮೇಲೆ ಐಶ್ವರ್ಯವನ್ನು ಹೇರಿ ಸಾಗಿಸಿದರೆಂದು ರಾಬರ್ಟ್ ಸೆವೆಲ್ಲನು 1900ರಲ್ಲಿ ಪ್ರಕಟವಾದ ವಿಜಯನಗರದ ಚರಿತ್ರೆಯಲ್ಲಿ ಬರೆದನು. ಆ ನಿಧಿಯ ಜಾಡನ್ನು ಹಿಡಿದು ಕೃಷಿವಿಜ್ಞಾನಿಗಳಾದ ಕೆ. ಎನ್. ಗಣೇಶಯ್ಯನವರು ‘ಕರಿಸಿರಿಯಾನ’ವೆಂಬ ರೋಚಕ ಕಾದಂಬರಿಯನ್ನು ಕಟ್ಟಿದರು. ಸಲ್ಮಾನ್ ರಶ್ದಿಯವರು 2023ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ‘ವಿಕ್ಟರಿ ಸಿಟಿ’ಯಂತೂ ಅಪ್ಪಟ ಅದ್ಭುತ ಕಾದಂಬರಿ. ಅದರಲ್ಲಿ ಪಂಪಾ ಕಂಪನಾ ಎಂಬ ಬಾಲೆಯ ಮೇಲೆ ದೇವಿಯ ಅನುಗ್ರಹವಾಗಿ ಆಕೆ 247 ವರ್ಷ ಬಾಳುತ್ತಾಳೆ. ಆಕೆ ಕೊಟ್ಟ ಬೀಜಗಳನ್ನು ಬಿತ್ತಿದ ನೆಲದಿಂದ ಕೋಟೆಕೊತ್ತಲಗಳ ಸಹಿತ ಒಂದು ನಗರವೇ ಮೊಳೆತೇಳುತ್ತದೆ. ಅಲ್ಲಿ ಹುಟ್ಟಿದ ಜನರಿಗೆ ಹಿಂದಿನ ನೆನಪೇ ಇಲ್ಲ. ಆಕೆ ಒಬ್ಬೊಬ್ಬರ ಕಿವಿಯಲ್ಲಿಯೂ ಅವರವರ ಕಥೆಯನ್ನು ಪಿಸುಗುಟ್ಟುತ್ತಾಳೆ. ಸಂಡೂರಿನಲ್ಲಿಯೇ ಹುಟ್ಟಿದ ವಸುಧೇಂದ್ರರು 2019ರಲ್ಲಿ ಹೊರತಂದ ‘ತೇಜೋ ತುಂಗಭದ್ರಾ’ ಅದ್ಭುತ ಕಥೆಯಲ್ಲ, ಐತಿಹಾಸಿಕ ಕಾದಂಬರಿ. ಆದರೂ ಲಿಸ್ಬನ್ ನಗರವನ್ನೂ ನಮ್ಮ ಹೊಳೆಯ ದಂಡೆಯನ್ನೂ ಒಂದೇ ಕಥೆಯಲ್ಲಿ ಹೆಣೆದ ಆ ಪುಸ್ತಕವನ್ನು ಮೊದಲು ಓದಿದ ಹುಡುಗಿಗೆ ರಶ್ದಿಯವರ ನಗರವು ಅಪರಿಚಿತವೆನಿಸದು. ದಿನವೂ ಕಾಣುವ ಬೆಟ್ಟದ ಮೇಲಿಂದ ಹಾರಿದವಳಿಗೆ ದೂರದ ಗ್ರಹಗಳು ಹತ್ತಿರವಾಗುತ್ತವೆ.

ಎರಡನೆಯ ದಾರಿ, ಒಂದು ಪುಸ್ತಕದಿಂದ ಇನ್ನೊಂದಕ್ಕೆ ನಡೆಯುವುದು. 1949ರಿಂದ ಕನ್ನಡದಲ್ಲಿಯೂ ಬರತೊಡಗಿದ ‘ಚಂದಮಾಮ’ದ ಬೇತಾಳ ಕಥೆಗಳನ್ನು ನಮ್ಮಲ್ಲಿ ಅನೇಕರು ಬಲ್ಲರು, ಆ ಪತ್ರಿಕೆಯು ಈಗ ನಿಂತುಹೋಗಿದ್ದರೂ ಅದರ ಹಳೆಯ ಸಂಚಿಕೆಗಳು ಕೆಲವು ಮನೆಗಳ ಪೆಟ್ಟಿಗೆಗಳಲ್ಲಿವೆ. ಅದನ್ನು ಮೆಚ್ಚಿದ ಬಾಲೆಗೆ ನಾ. ಕಸ್ತೂರಿಯವರ ‘ಪಾತಾಳದಲ್ಲಿ ಪಾಪಚ್ಚಿ’ಯನ್ನು ಕೊಡಿರಿ, ಇಂಗ್ಲಿಷಿನ ಆಲಿಸಳು ಅಲ್ಲಿ ಕನ್ನಡದ ಪಾಪಚ್ಚಿಯಾಗಿದ್ದಾಳೆ. ಕಾಡು ಮತ್ತು ಜೀವಜಂತುಗಳಲ್ಲಿ ಆಸಕ್ತಿಯುಳ್ಳವಳಿಗೆ 1980ರಲ್ಲಿ ಬಂದ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಇದೆ. ಹಾರುವ ಓತಿಯೊಂದನ್ನು ಅರಸಿ ಹೊರಟ ವಿಜ್ಞಾನಿಗೆ ಅಲ್ಲಿ ನಿಜವಾದ ಸಹಾಯಕನು ಜೇನು ಹಿಡಿಯುವ ಹಳ್ಳಿಗ ಮಂದಣ್ಣ. ಗತಕಾಲದ ಕುತೂಹಲವಿದ್ದವಳು ಶಿವರಾಮ ಕಾರಂತರ ‘ಮೂಕಜ್ಜಿಯ ಕನಸುಗಳು’ ಎಂಬುದನ್ನು ಓದಲಿ. 1968ರ ಆ ಕಾದಂಬರಿಯಲ್ಲಿ ಬಾಲ್ಯದಲ್ಲಿಯೇ ವಿಧವೆಯಾದ ಮುದುಕಿಯೊಬ್ಬಳು ಹಳೆಯ ವಸ್ತುವೊಂದನ್ನು ಮುಟ್ಟಿದ ಮಾತ್ರಕ್ಕೆ ಅದರ ಹಿಂದಿನ ಕಾಲವನ್ನು ಕಾಣುತ್ತಾಳೆ. ಅಲ್ಲಿಂದ ನಹುಷನ ಕಥೆಯನ್ನು ಹೇಳುವ ದೇವುಡು ಅವರ ‘ಮಹಾಕ್ಷತ್ರಿಯ’ಕ್ಕೆ ಹೆಚ್ಚು ದೂರವಿಲ್ಲ, ಚಂದ್ರಶೇಖರ ಕಂಬಾರರ ‘ಶಿಖರಸೂರ್ಯ’ಕ್ಕೂ ಇಲ್ಲ. ನಕ್ಷತ್ರಲೋಕವೇ ಬೇಕೆನ್ನುವವಳು ರಾಜಶೇಖರ ಭೂಸನೂರಮಠರ ಹೆಸರನ್ನು ಹಿಡಿದು ಹುಡುಕಲಿ. ಕನ್ನಡದಲ್ಲಿ ವಿಜ್ಞಾನ ಕಥೆಗಳನ್ನು ನಿಷ್ಠೆಯಿಂದ ಬೆಳೆಸಿದವರಲ್ಲಿ ಅವರೊಬ್ಬರು. ಇಂಗ್ಲಿಷನ್ನು ಸಲೀಸಾಗಿ ಓದಬಲ್ಲವಳಿಗೆ ಮ್ಯಾಡಲಿನ್ ಲೆಂಗಲ್ ಎಂಬಾಕೆಯ ‘ಎ ರಿಂಕಲ್ ಇನ್ ಟೈಮ್’ ತಕ್ಕುದು. ಶಾಲೆಯಲ್ಲಿ ದಡ್ಡಿಯೆನಿಸಿಕೊಂಡ, ಕನ್ನಡಕ ಹಾಕಿದ ಹುಡುಗಿಯೊಬ್ಬಳು ತಂದೆಯನ್ನು ಹುಡುಕಿಕೊಂಡು ಬೇರೆ ಗ್ರಹಗಳಿಗೆ ಹೋಗುವ ಕಥೆ ಅದು. ಅನೇಕ ಪ್ರಕಾಶಕರು ಹಿಂದಿರುಗಿಸಿದ ಮೇಲೆ 1962ರಲ್ಲಿ ಅದು ಬೆಳಕನ್ನು ಕಂಡಿತು. ಪುಸ್ತಕವು ಹೊಸದೆಂದರೆ ಈ ವರ್ಷ ಅಚ್ಚಾದುದೆಂದೇ ಅರ್ಥವಲ್ಲ. ನಾವು ಮೊದಲ ಬಾರಿಗೆ ತೆರೆಯುವ ಪುಸ್ತಕವೆಲ್ಲವೂ ಹೊಸದೇ.

ಹೀಗೆ ಸಿಕ್ಕಿದುದರಲ್ಲಿ ಕಾಳಾವುದು, ಜೊಳ್ಳಾವುದು ಎಂದು ತಿಳಿಯುವ ಬಗೆಯೂ ಉಂಟು. ಒಳ್ಳೆಯ ಅದ್ಭುತ ಕಥೆಗೆ ತನ್ನದೇ ಆದ ಕಟ್ಟಳೆಯಿರುವುದು. ಕಥಾನಾಯಕನು ಕಷ್ಟಕ್ಕೆ ಸಿಲುಕಿದಾಗಲೆಲ್ಲ ಹೊಸದೊಂದು ಮಂತ್ರವನ್ನು ಹುಟ್ಟಿಸಿ ಪಾರುಮಾಡುವ ಲೇಖಕನು ಓದುಗರನ್ನು ವಂಚಿಸುತ್ತಾನೆ. ವಿಜ್ಞಾನ ಕಾದಂಬರಿಯಲ್ಲಿ ಒಂದು ಊಹೆಯನ್ನು ಒಪ್ಪಿಕೊಂಡರೆ ಮಿಕ್ಕುದೆಲ್ಲವೂ ತರ್ಕದಿಂದ ಹರಿದುಬರಬೇಕು. 1895ರಲ್ಲಿ ಹೆಚ್. ಜಿ. ವೆಲ್ಸನು ಕಾಲಯಂತ್ರವೊಂದನ್ನು ಊಹಿಸಿದನು. ಅದರಲ್ಲಿ ಕುಳಿತು ಹೋದವನು ಕಂಡುದು ಉಳ್ಳವರೂ ದುಡಿಯುವವರೂ ಎರಡು ಜಾತಿಯ ಪ್ರಾಣಿಗಳಾಗಿ ಒಡೆದುಹೋದ ಮನುಷ್ಯಕುಲವನ್ನು. ಯಂತ್ರವು ಕಲ್ಪಿತ, ಆತಂಕವು ನಿಜ. ಆದುದರಿಂದ ಮೊದಲ ಇಪ್ಪತ್ತು ಪುಟಗಳನ್ನು ಓದಿ, ಈ ಲೋಕಕ್ಕೆ ಕಟ್ಟಳೆಯುಂಟೇ, ಇದರ ಜನರ ನೋವು ನಮ್ಮದೆನಿಸುವುದೇ ಎಂದು ಕೇಳಿಕೊಳ್ಳಬೇಕು. ಕ್ರೌರ್ಯವನ್ನೇ ರಸವೆಂದು ಬಡಿಸುವ ಪುಸ್ತಕಗಳೂ, ಬೆಳೆದವರಿಗೇ ಮೀಸಲಾದವೂ ಇಲ್ಲದಿಲ್ಲ. ಅದಕ್ಕೆ ಮದ್ದು ನಿಷೇಧವಲ್ಲ, ತಾಯಿಯೂ ಮಗಳೂ ಕೂಡಿ ಓದುವುದು. ಅಡಗಿಸಿ ಓದಿದ ಪುಸ್ತಕದ ಬಗ್ಗೆ ಮಗಳು ಪ್ರಶ್ನೆ ಕೇಳಲಾರಳು.

ಮೂರನೆಯ ದಾರಿಯೇ ಮುಖ್ಯವಾದುದು. ಅದು ಓದಿದವರು ಓದದವರಿಗೆ ಹೇಳುವುದು. ಹುಡುಗಿಯು ಶಾಲೆಯಲ್ಲಿರುವಷ್ಟು ದಿನ ಪಕ್ಕದ ಗೆಳತಿಯು ಪುಸ್ತಕದ ಹೆಸರು ಹೇಳುತ್ತಾಳೆ, ಉಪಾಧ್ಯಾಯಿನಿಯು ಕಪಾಟನ್ನು ತೆರೆದುಕೊಡುತ್ತಾರೆ. ಶಾಲೆಯನ್ನು ಬಿಟ್ಟು, ಮದುವೆಯಾಗಿಯೋ ಉದ್ಯೋಗದಿಂದಲೋ ಬೇರೆ ಊರಿಗೆ ಹೋದೊಡನೆ ಆ ಸರಪಳಿ ಕಡಿದುಹೋಗುತ್ತದೆ. ಎಷ್ಟೋ ಚುರುಕು ಬುದ್ಧಿಯ ಹೆಂಗಸರ ಓದು ಹತ್ತನೆಯ ತರಗತಿಗೇ ನಿಂತುದು ಪುಸ್ತಕದ ಅಭಾವದಿಂದಲ್ಲ, “ಇದನ್ನು ಓದಿದೆಯಾ?” ಎಂದು ಕೇಳುವವರ ಅಭಾವದಿಂದ.

ಆದುದರಿಂದ ಹಳೆಯ ವಿದ್ಯಾರ್ಥಿನಿಯರಲ್ಲಿ ನನ್ನ ವಿಜ್ಞಾಪನೆಯಿಷ್ಟೆ. ಶಾಲೆಯ ಪುಸ್ತಕಭಂಡಾರದಲ್ಲಿ ಒಂದು ದಪ್ಪ ನೋಟುಬುಕ್ಕನ್ನು ಇರಿಸೋಣ. ಪ್ರತಿಯೊಬ್ಬಳೂ ತಾನು ಮೆಚ್ಚಿದ ಒಂದು ಅದ್ಭುತ ಕಾದಂಬರಿಯ ಅಥವಾ ವಿಜ್ಞಾನ ಕಾದಂಬರಿಯ ಹೆಸರು, ಲೇಖಕರ ಹೆಸರು, ಅದು ಯಾವ ವಯಸ್ಸಿಗೆ ತಕ್ಕುದು, ಅದನ್ನು ಓದಿದವಳು ಮುಂದೆ ಯಾವುದನ್ನು ಓದಬಹುದು ಎಂಬಿಷ್ಟನ್ನು ಅದರಲ್ಲಿ ಬರೆಯಲಿ. ದೂರದಲ್ಲಿರುವವರು ಕಾಗದದಲ್ಲಿ ಬರೆದು ಕಳುಹಿಸಲಿ. ಅನುಕೂಲವಿದ್ದವರು ಪುಸ್ತಕವನ್ನೇ ಕಳುಹಿಸಲಿ. ನಮ್ಮ ರಾಜ್ಯದ ಗ್ರಾಮ ಪಂಚಾಯತಿ ಗ್ರಂಥಾಲಯಗಳಿಗೆ ಈಗ ‘ಅರಿವು ಕೇಂದ್ರ’ಗಳೆಂಬ ಹೆಸರಿದೆ, 2020ರಲ್ಲಿ ಮೊದಲಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ ಶಾಲೆಯ ಮಕ್ಕಳಿಗೆ ಅಲ್ಲಿ ಶುಲ್ಕವಿಲ್ಲದೆ ಸದಸ್ಯತ್ವವು ದೊರೆತಿದೆ. ಆ ನೋಟುಬುಕ್ಕಿನ ಹೆಸರುಗಳನ್ನು ಅಲ್ಲಿಯೂ ಕೇಳೋಣ. ಕೇಳುವವರಿಲ್ಲದ ಪುಸ್ತಕವನ್ನು ಯಾವ ಗ್ರಂಥಪಾಲಕರು ತಾನೆ ತರಿಸಿಯಾರು?

ಮಾತಾಪಿತೃಗಳಲ್ಲಿ ಕೋರುವುದು ಇನ್ನೂ ಸ್ವಲ್ಪ. ಮಗಳು ಇಲ್ಲದ ಲೋಕವೊಂದರ ಕಥೆಯಲ್ಲಿ ಮುಳುಗಿರುವುದನ್ನು ಕಂಡಾಗ ಅಂಕಗಳ ಮಾತನ್ನು ಒಂದು ಗಳಿಗೆ ತಡೆದು, “ಆ ಲೋಕದಲ್ಲಿ ಏನು ನಡೆಯಿತಮ್ಮಾ?” ಎಂದು ಕೇಳಿರಿ. ಆಕೆಯು ಹೇಳುವುದನ್ನು ಕೊನೆಯವರೆಗೆ ಕೇಳಿರಿ. ಎಂಟು ಮಂದಿ ಬಾಲಿಕೆಯರ ಶಾಲೆಯೂ ಮೊದಲು ಅಂತಹ ಒಂದು ಕಥೆಯೇ ಆಗಿದ್ದಿತು.